ತಣ್ಣಗಿದ್ದ ಒಲೆ

ರೆವಿನ್ಯೂ ಇನ್‌ಸ್ಪೆಕ್ಟರ್ ಬಕ್ಕೇಶಪ್ಪನವರು ಕೊಟ್ರವ್ವನ ಒಲೆಯ ಬೂದಿಗೆ ಕೈ ಹಾಕಿ ನೋಡಿದರು. ತಣ್ಣಗಿತ್ತು.

"ಹೊತ್ತು ನೆತ್ತಿಗೆ ಬಂದೈತೆ, ಇನ್ನೂ ಒಲೆ ಹಚ್ಚಿಲ್ಲ. ಹಂಗಾದ್ರೆ ಉಣ್ಣೋದೆಲ್ಲಿ ಅಜ್ಜಿ?"

ಸರ್ಕಾರ ಹೊಸದಾಗಿ ಕೊಡುತ್ತಿದ್ದ ಮುದುಕರ ಪಿಂಚಣಿ ದಿಕ್ಕಿಲ್ಲದವರಿಗೆ ಮಾತ್ರ. ಕೊಟ್ರವ್ವನಿಗೆ ದಿಕ್ಕಿದೆ, ಸವತಿ ತಿಮ್ಮವ್ವ ಎಮ್ಮೆ ಕಟ್ಟಿ ಹಾಲು ಮಾರಿ ಅವಳನ್ನು ಸಾಕುತ್ತಾಳೆ ಎಂದು ಭಾನುವಳ್ಳಿಯ ಯಾರೋ ಹರಿಹರದ ಕಚೇರಿಗೆ ಚಾಡಿ ಹೇಳಿದ್ದರು. ಸುಳ್ಳೇನಲ್ಲ. ಆದರೆ ಯಾರೆದುರೂ ಕೈಯೊಡ್ಡದೆ ಎಲೆ ಅಡಿಕೆ ತರಿಸಿಕೊಳ್ಳಲು ಈ ಜನ್ಮದಲ್ಲಿ ಅವಳಿಗೆ ಸಿಕ್ಕ ಸ್ವಂತದ ದುಡ್ಡು ಅದೊಂದೇ.

ಇನ್‌ಸ್ಪೆಕ್ಟರು ಬೇಕೆಂದೇ ಊಟದ ಹೊತ್ತಿಗೆ ಬಂದಿದ್ದರು. ಗಡಿಗೆಯ ಮುಚ್ಚಳ ತೆಗೆದು ಮೂಸಿದರು. ಗೂಡಿನಲ್ಲಿದ್ದ ಸೀರೆ ಕೊಡವಿದರು. ಗೋಡೆಗೆ ಒರಗಿಸಿದ್ದ ಎರಡು ಚಾಪೆ ಕಂಡು, "ಇಬ್ರೂ ಒಂದೇ ಕಡೆ ಮಲಗ್ತೀರೇನು?" ಎಂದೂ ಕೇಳಿದರು. ಕೊಟ್ರವ್ವ ತಲೆ ತಗ್ಗಿಸಿದಳು. ಗಂಡ ಸತ್ತ ಮೇಲೆ ಆ ಚಾಪೆಗಳು ಪಕ್ಕಪಕ್ಕ ಬರಲು ಎಷ್ಟು ಕಾಲ ಹಿಡಿದಿತ್ತೆಂಬುದನ್ನು ಕಂಡವರ ಮುಂದೆ ಹೇಳುವುದಾದರೂ ಹೇಗೆ?

ಅಷ್ಟರಲ್ಲಿ ತಿಮ್ಮವ್ವ ಹಿತ್ತಲಿನಿಂದ ಸೆಗಣಿ ಕೈಯಲ್ಲೇ ಒಳಗೆ ಬಂದಳು.

"ನಾನು ಇವಳನ್ನ ಸಾಕ್ತೀನಾ? ನನ್ನ ಮಜ್ಜಿಗೆ ಕದ್ದು ಕುಡಿಯೋಳು ಸಾಹೇಬ್ರೇ ಇವಳು!"

ಕೊಟ್ರವ್ವ ತಬ್ಬಿಬ್ಬಾದಳು. ತಿಮ್ಮವ್ವ ಕಣ್ಣು ಮಿಟುಕಿಸಿದ ಮೇಲೆ ಆಟ ತಿಳಿಯಿತು.

"ನಿನ್ನ ನೀರು ಮಜ್ಜಿಗೆ ಯಾರಿಗೆ ಬೇಕೇ? ನಿನ್ನೆ ನಾ ಸುಟ್ಟ ರೊಟ್ಟಿ ತಿಂದು ಬಿದ್ಕಂತೀನಿ, ನಿನ್ನ ತುತ್ತು ಬ್ಯಾಡ ನಂಗೆ!"

ಮಾತಿಗೆ ಮಾತು ಹತ್ತಿಕೊಂಡಿತು. ನಾಲ್ಕು ಮಾತಾಡಿ ನಿಲ್ಲಿಸಬೇಕೆಂದಿದ್ದ ಕೊಟ್ರವ್ವನ ಬಾಯಿಂದ ಅವಳಿಗೇ ತಿಳಿಯದಂತೆ ಹೊರಬಿತ್ತು: "ಹೆತ್ತ ಕೂಸನ್ನ ಒಂದಿನ ನನ್ನ ತೊಡಿ ಮ್ಯಾಲೆ ಹಾಕಿದ್ಯೇನೇ? ಬಂಜೆ ಕಣ್ಣು ಬೀಳ್ತೈತೆ ಅಂತ ಸೆರಗು ಮುಚ್ಚಿ ಎತ್ಕೊಂಡು ಓಡಾಡ್ದಿ!"

ಆ ಕೂಸು ಬೆಳೆದು ಗಂಡನ ಮನೆ ಸೇರಿ ಎಷ್ಟೋ ವರ್ಷವಾಗಿತ್ತು. ಆದರೂ ತಿಮ್ಮವ್ವನ ಮುಖ ಸಣ್ಣದಾಯಿತು. "ನೀ ಕೇಳಿದ್ಯಾ? ಕೂಸು ಕೊಡು ಅಂತ ಒಂದಿನ ಬಾಯಿಬಿಟ್ಟು ಕೇಳಿದ್ಯಾ?"

"ಸಾಕು, ಸುಮ್ನಿರ್ರಮ್ಮ!" ಬಕ್ಕೇಶಪ್ಪನವರು ಕೈ ಮೇಲೆತ್ತಿದರು. "ನೀವು ಒಂದೇ ಒಲ್ಯಾಗ ಉಣ್ಣೋರಲ್ಲ, ಗೊತ್ತಾತು. ಪಿಂಚಣಿ ನಡೀತೈತೆ. ಆರು ತಿಂಗಳು ಬಿಟ್ಟು ಮತ್ತೆ ಬರ್ತೀನಿ." ಹರಿಹರದ ಬಸ್ಸು ತಪ್ಪೀತೆಂದು ಅವರು ಬೇಗಬೇಗ ನಡೆದರು.

ತಿಮ್ಮವ್ವ ಕೈ ತೊಳೆದು ಬಂದು, ಹಿತ್ತಲ ಕಡೆಯ ತನ್ನ ಒಲೆಯ ಮೇಲಿದ್ದ ರೊಟ್ಟಿ, ಪಲ್ಯ ಎರಡು ತಟ್ಟೆಗೆ ಬಡಿಸಿದಳು. ಇಬ್ಬರೂ ಕೂತರು. ಯಾರೂ ತುತ್ತು ಮುರಿಯಲಿಲ್ಲ.

"ಅಕ್ಕ, ಕೂಸಿನ ಮಾತು ಆಟಕ್ಕಂದಿದ್ದಲ್ಲ, ಹೌದಿಲ್ಲೋ?"

"ಅಲ್ಲ."

"ನಂಗೆ ಹೆದ್ರಿಕೆ ಇತ್ತು. ನೀನು ಎತ್ಕೊಂಡ್ರೆ ಕರುನೂ ಸುಮ್ಮನಾಗ್ತಿತ್ತು. ಕೂಸೂ ನಿನ್ನ ಕೈಗೆ ಒಗ್ಗಿದ್ರೆ ಈ ಮನ್ಯಾಗ ನಂದು ಅಂತ ಏನು ಉಳೀತಿತ್ತು?"

ಕೊಟ್ರವ್ವ ತನ್ನ ಕೈಗಳನ್ನು ನೋಡಿಕೊಂಡಳು. ಇಷ್ಟು ವರ್ಷ ತಿಮ್ಮವ್ವ ತನ್ನ ಕಣ್ಣಿಗೆ ಹೆದರಿದ್ದಳೆಂದೇ ತಿಳಿದಿದ್ದಳು. ನಿಜಕ್ಕೂ ಹೆದರಿದ್ದು ಈ ಕೈಗಳ ಅಕ್ಕರೆಗೆ. ಅವಳಿಗೆ ನಗು ಬಂತು. ನಗುತ್ತಲೇ ರೊಟ್ಟಿ ಮುರಿದಳು. ತಿಮ್ಮವ್ವನೂ ಕಣ್ಣೊರೆಸಿಕೊಂಡು ಮುರಿದಳು. ಪಲ್ಯಕ್ಕೆ ಉಪ್ಪು ಸರಿಯಾಗಿತ್ತು.

"ಆರು ತಿಂಗಳಿಗೆ ಮತ್ತೆ ಬರ್ತಾನಂತಲ್ಲಕ್ಕ. ಆಗ ಹೆಂಗೆ?"

"ಬರಲಿ ಬಿಡು," ಎಂದಳು ಕೊಟ್ರವ್ವ. "ಅತ್ತೆ ವಿಷಯ ನಾವಿನ್ನೂ ತೆಗೆದೇ ಇಲ್ಲ."