ಎರಡು ಸಲ ಬರೆದ ಹೆಸರು

“ಎರಡೆರಡು ಸಲ ದಾಖಲಾದ ನಲವತ್ತೊಂದು ಹೆಸರುಗಳು ಸಿಕ್ಕಿವೆ. ಹಳೆಯವನ್ನು ಅಳಿಸಲೇ?” ಎಂದು ಪರದೆ ಕೇಳಿತು. ಪೆರು ದೇಶದ ಕಹಮಾರ್ಕಾ ಸೀಮೆಯ ಆ ಪುಟ್ಟ ಊರಿನ ಜನನ ನೋಂದಣಿ ಕಂಪ್ಯೂಟರಿಗೆ ದಾಖಲೆ ಸರಿಪಡಿಸಲು ಬಂದಿದ್ದ ಫಾಬ್ರಿಸಿಯೊ, ತಾನು ಪ್ರೋಗ್ರಾಂ ಬರೆಯಲು ಬಳಸುವ ಎಐ ಕೋಡ್ ಎಡಿಟರನ್ನು ಜೋಡಿಸಿ ಐದು ನಿಮಿಷವೂ ಆಗಿರಲಿಲ್ಲ. ಓದುವ, ಬರೆಯುವ, ಅಳಿಸುವ ಮೂರೂ ಅನುಮತಿಗಳನ್ನು ಅದಕ್ಕೆ ಒಟ್ಟಿಗೇ ಕೊಟ್ಟುಬಿಟ್ಟಿದ್ದ.

“ನೋಡಿ ಡೋನ್ಯಾ ತಾರ್ಹೇಲಿಯಾ, ನೀವು ಕಾಫಿ ಕುಡಿದು ಮುಗ್ಸೋದ್ರೊಳಗೆ ಕಸ ಎಲ್ಲಾ ಗುಡಿಸಿ ಹಾಕುತ್ತೆ ಇದು.”

ಊರೆಲ್ಲ ಗೌರವದಿಂದ ‘ಡೋನ್ಯಾ’ ಎಂದು ಕರೆಯುತ್ತಿದ್ದ ಕಚೇರಿಯ ಹಳೆಯ ಗುಮಾಸ್ತೆ ತಾರ್ಹೇಲಿಯಾ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಏಳನೆಯ ಜೋಡಿಯಲ್ಲಿ ಅವಳದೇ ಹೆಸರಿತ್ತು, ಒಂದರ ಕೆಳಗೊಂದರಂತೆ ಎರಡು ಸಲ. ಅದೇ ಅಪ್ಪ, ಅದೇ ಅಮ್ಮ, ಹುಟ್ಟಿದ ವರ್ಷ ಮಾತ್ರ ಬೇರೆ.

“ಅಯ್ಯೋ, ನಿಮ್ದನ್ನೂ ತಪ್ಪಾಗಿ ಬರ್ಕೊಂಡಿದ್ದಾರಲ್ಲ!” ಎಂದು ಅವನು ನಕ್ಕ.

“ತಪ್ಪಲ್ಲ ಮಗಾ. ಮೇಲಿರೋಳು ನಮ್ಮಕ್ಕ. ಎಂಟು ತಿಂಗಳಿಗೇ ಹೋಗ್ಬಿಟ್ಲು. ಆಮೇಲೆ ನಾನು ಹುಟ್ಟಿದಾಗ ಅವಳ ಹೆಸರೇ ನಂಗಿಟ್ರು. ಆಗೆಲ್ಲ ಇಲ್ಲಿ ಎಲ್ರ ಮನೇಲೂ ಹಂಗೇ ಮಾಡೋರು. ಅವಳದ್ದೂಂತ ಉಳ್ದಿರೋದು ಇದೊಂದು ಸಾಲೇ.”

ಫಾಬ್ರಿಸಿಯೊ ‘ಹೌದು’ ಗುಂಡಿಯ ಮೇಲಿದ್ದ ಬೆರಳನ್ನು ಮೆಲ್ಲನೆ ಎತ್ತಿದ. ಅಳಿಸುವ ಅನುಮತಿಯನ್ನು ವಾಪಸು ಪಡೆದ. ಆಮೇಲೆ ಕುರ್ಚಿಯನ್ನು ಅವಳತ್ತ ಸರಿಸಿ, ಪಟ್ಟಿಯ ಮೊದಲ ಸಾಲಿಗೆ ಹೋದ.

“ಇವರ್ಯಾರು, ಡೋನ್ಯಾ?”