ಪರದೆಯ ಹಿಂದಿನ ಚುಕ್ಕೆ

ಚುಕ್ಕೆ ಮತ್ತೊಂದು ಮೋಟೆಲಿನೊಳಗೆ ತಿರುಗಿತು.

ದೊಕ್ಸು ಫೋನನ್ನು ಮೂಗಿನ ಹತ್ತಿರ ತಂದುಕೊಂಡ. ಬೆಳಗಿನಿಂದ ಇದು ಮೂರನೆಯದು. ಕೊರಿಯಾದ ಸುವೊನ್ ಪೇಟೆಯ ಹಿಂಬದಿಯಲ್ಲಿ ಕಳ್ಳ ಜೋಡಿಗಳು ಸೇರುವ ಆ ಓಣಿ ಯಾರಿಗೆ ಗೊತ್ತಿಲ್ಲ? ಸಾಲು ಮೋಟೆಲುಗಳು, ಒಂದೊಂದರ ಪಾರ್ಕಿಂಗ್ ಬಾಗಿಲಿಗೂ ಉದ್ದುದ್ದ ಪಟ್ಟಿಗಳ ಪರದೆ. ಒಳಗೆ ನಿಂತ ಕಾರಿನ ನಂಬರು ಹೊರಗಿನವರ ಕಣ್ಣಿಗೆ ಬೀಳಬಾರದಲ್ಲ! ಹೆಂಡತಿ ಮಿರಾನಳ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ದೊಕ್ಸು ಗುಟ್ಟಾಗಿ ಕೂರಿಸಿದ್ದ, ಕಾರು ಎಲ್ಲಿದೆಯೆಂದು ಫೋನಿನಲ್ಲಿ ಚುಕ್ಕೆಯಾಗಿ ತೋರಿಸುವ ಯಂತ್ರ ಬೆಂಕಿಪೆಟ್ಟಿಗೆಯಷ್ಟೇ ಇತ್ತು. ಆದರೆ ಅದು ಸುಳ್ಳು ಹೇಳುವುದಿಲ್ಲ.

ಸುಳ್ಳು ಹೇಳುವವಳು ಅವಳು. "ಅಮ್ಮನ ಮನೇಲಿ ಎಲೆಕೋಸಿನ ಕಿಮ್ಚಿ ಉಪ್ಪಿನಕಾಯಿ ಹಾಕೋದಿದೆ ರೀ, ಬರೋದು ತಡವಾಗತ್ತೆ" ಎಂದು ಹೇಳಿ ಹೊರಟಿದ್ದಳು.

ಅವಳ ಜೊತೆ ಯಾರಿರಬಹುದು? ಬೇರೆ ಯಾರು, ಸರ್ವಿಸ್ ಸೆಂಟರಿನ ಆ ಮೆಕ್ಯಾನಿಕ್. ವೈರಿಂಗ್‌ನಲ್ಲಿ ದೋಷವಿದೆ, ನಿಂತಲ್ಲೇ ಬೆಂಕಿ ಹತ್ತಬಹುದು, ಬನ್ನಿ, ಪುಕ್ಕಟೆ ಬದಲಾಯಿಸಿ ಕೊಡುತ್ತೇವೆ ಎಂದು ಕಂಪನಿಯವರು ಅವಳ ಕಾರಿನ ಮಾದರಿಯವನ್ನೆಲ್ಲ ವಾಪಸು ಕರೆದು ತಿಂಗಳುಗಳೇ ಕಳೆದಿದ್ದವು. ದೊಕ್ಸು ಒಂದಲ್ಲ ಒಂದು ನೆಪ ಹೇಳಿ ಮುಂದೆ ತಳ್ಳುತ್ತಿದ್ದ. "ಅಲ್ಲಿ ಬರೀ ಗಂಡಸರು, ನೀನೊಬ್ಳೇ ಹೋಗ್ಬೇಡ. ನಾನೇ ತಗೊಂಡು ಹೋಗ್ತೀನಿ, ಏನವಸರ?" ಮೊನ್ನೆ ಅವಳು ಮಾತು ಕೇಳದೆ ಹೋಗಿಯೇಬಿಟ್ಟಳು. ನಿನ್ನೆ ಕಾರು ತಂದವಳ ಮುಖದಲ್ಲಿ ಏನೋ ಹೊಸತಿತ್ತು.

"ಎಂಥಾ ಒಳ್ಳೇ ಮನುಷ್ಯ ರೀ ಅವ್ನು! ಹಳೇ ವೈರೆಲ್ಲ ಕಿತ್ತು ಒಂದೊಂದಾಗಿ ತೋರಿಸ್ದ. ನನ್ ಕಣ್ಣು ತೆರೆಸ್ಬಿಟ್ಟ."

ಕಣ್ಣು ತೆರೆಸಿದನಂತೆ, ಕಣ್ಣು! ಆ ಮಾತು ಇನ್ನೂ ಅವನನ್ನು ಕುಟುಕುತ್ತಿತ್ತು.

ಹೋದ ವರ್ಷ ಅವಳ ಫೋನನ್ನು ಕದ್ದು ನೋಡಿ ಸಿಕ್ಕಿಬಿದ್ದಾಗ ದೊಕ್ಸು ಮಂಡಿಯೂರಿ ಆಣೆ ಮಾಡಿದ್ದ. "ಇನ್ನೊಂದ್ ಸಲ ಹೀಗಾದ್ರೆ ನಾನ್ ಈ ಮನೇಲಿರಲ್ಲ" ಎಂದು ಅವಳು ಖಡಾಖಂಡಿತವಾಗಿ ಹೇಳಿದ್ದಳು. ಇರಲಿ. ಇವತ್ತು ಕೈಯಾರೆ ಹಿಡಿದರೆ ಮಂಡಿಯೂರುವ ಸರದಿ ಅವಳದು.

ಟ್ಯಾಕ್ಸಿ ಹತ್ತಿದ. ದಾರಿಯಲ್ಲೇ ಚುಕ್ಕೆ ಹೊರಬಿದ್ದು ಪಕ್ಕದ ಮೋಟೆಲನ್ನು ಹೊಕ್ಕಿತು. ಇಷ್ಟು ಬೇಗ? ಅಲ್ಲಿ ರೂಮು ಸಿಕ್ಕಿರಲಿಕ್ಕಿಲ್ಲ. ಹೊಟ್ಟೆಕಿಚ್ಚಿನವನಿಗೆ ಉತ್ತರಗಳಿಗೇನು ಬರ!

ಪರದೆ ಸರಿಸಿ ನುಗ್ಗಿದ. "ಮಿರಾನ್!"

ಅವಳ ಕಾರು ಅಲ್ಲಿರಲಿಲ್ಲ. ಬಿಳಿ ಟವೆಲುಗಳ ಮೂಟೆ ಇಳಿಸುತ್ತಿದ್ದ ಮುದುಕನೊಬ್ಬ ತಿರುಗಿ ನೋಡಿದ. ಅವನ ಹಿಂದೆ ಲಾಂಡ್ರಿಯ ಟೆಂಪೊ. ಫೋನಿನ ಚುಕ್ಕೆ ಸರಿಯಾಗಿ ಅದರ ಮೇಲೇ ಕೂತಿತ್ತು.

"ಬಂದ್ಯಾ? ನಾಲ್ಕನೇ ಮೋಟೆಲಿಗೇ ಓಡಿ ಬಂದ್ಬಿಟ್ಯಲ್ಲಪ್ಪಾ! ಸಂಜೆವರೆಗಾದ್ರೂ ತಡೀತೀಯ ಅಂದ್ಕೊಂಡಿದ್ದೆ" ಎಂದು ಮುದುಕ ನಕ್ಕ. "ನಿನ್ನೆ ನನ್ ಗಾಡೀನೂ ಅದೇ ಸರ್ವಿಸ್ ಸೆಂಟರ್‌ನಲ್ಲಿತ್ತು. ನಿನ್ ಹೆಂಡ್ತಿ ಕಾರಿನ ಹಳೇ ವೈರ್ ಬಿಚ್ಚುವಾಗ ಈ ಯಂತ್ರ ಸಿಕ್ತು. ನನ್ ಗಾಡಿಗೆ ಹಾಕ್ಸಿ, ಯಾರು ಹುಡುಕ್ಕೊಂಡ್ ಬರ್ತಾರೋ ಅವರ ಕೈಗೇ ಕೊಡಿ ಅಜ್ಜಾ ಅಂದ್ಳು ಆ ಹೆಣ್ಮಗಳು."

ಮುದುಕ ಆ ಯಂತ್ರವನ್ನು ಕಿತ್ತು ಅವನ ಅಂಗೈಯಲ್ಲಿಟ್ಟು, ಮತ್ತೆ ಟವೆಲು ಹೊರಲು ಹೋದ. ದೊಕ್ಸು ಹೆಂಡತಿಗೆ ಫೋನು ಮಾಡಿದ. ಅವಳು ಎತ್ತಿಕೊಂಡಳು. ಹಿಂದೆ ಅತ್ತೆಯ ದನಿ, ಎಲೆಕೋಸು ಕತ್ತರಿಸುವ ಸದ್ದು.

"ತಪ್ಪಾಯ್ತು ಮಿರಾನ್. ಮನೆಗ್ ಬಾ. ನಿನ್ ಮೇಲೆ ಜೀವ ಇಟ್ಕೊಂಡಿದೀನಿ, ಅದಕ್ಕೇ ಹೊಟ್ಟೆಕಿಚ್ಚು..."

"ಬರೀ ಹೊಟ್ಟೆಕಿಚ್ಚಾಗಿದ್ರೆ ಇನ್ನೊಂದ್ ಸಲ ಕ್ಷಮಿಸ್ತಿದ್ದೆ ರೀ" ಎಂದಳು ಮಿರಾನ್. "ಆದ್ರೆ ಆ ಯಂತ್ರ ಮೆಕ್ಯಾನಿಕ್‌ಗಳ ಕೈಗೆ ಸಿಕ್ಬಿಡತ್ತೆ ಅಂತ, ಬೆಂಕಿ ಹತ್ತೋ ಕಾರಲ್ಲಿ ಇಷ್ಟು ತಿಂಗಳು ನನ್ನ ಓಡಾಡೋಕೆ ಬಿಟ್ರಲ್ಲ."