ಮಡಿಲು ತುಂಬಿದ ಮ್ಯಾನೇಜರ್

ಶೈಲಜಾ ಅಂಗಿಗೆ ಕಾಲರ್ ಕೂರಿಸುತ್ತಿದ್ದಾಗ ಅರಿಶಿನ ಕುಂಕುಮದ ತಟ್ಟೆ ಅವಳ ಮಿಷಿನ್ ಹತ್ತಿರ ಬಂತು. ಜೊತೆಗೆ ರವಿಕೆ ಕಣ, ಬಾಳೆಹಣ್ಣು, ಎಲೆ ಅಡಿಕೆ. ತಟ್ಟೆ ಹಿಡಿದಿದ್ದವಳು ಆಫೀಸಿನ ಅಮೃತ.

"ಎಲ್ಲಾ ಹೆಣ್ಣುಮಕ್ಕಳಿಗೂ ಕೊಡ್ಬೇಕಂತೆ ಅಕ್ಕ. ಯಾಕೆ ಅಂತ ಸಂಜೆ ಮ್ಯಾನೇಜರ್ ಮಧುಸೂದನ್ ಸಾರೇ ಮೈಕಲ್ಲಿ ಹೇಳ್ತಾರಂತೆ," ಎಂದು ಅವಳ ಮಡಿಲಿಗೆ ಹಾಕಿ ಮುಂದಿನ ಮಿಷಿನಿಗೆ ಹೋದಳು.

ಶೈಲಜಾ ಪೆಡಲ್ ಮೇಲಿಂದ ಕಾಲು ತೆಗೆದಳು. ಕುಡುಮಲಕುಂಟೆಯ ಆ ಗಾರ್ಮೆಂಟ್ಸಿನಲ್ಲಿ ಮಡಿಲು ತುಂಬುತ್ತಿದ್ದುದು ಕೆಲಸ ಬಿಟ್ಟು ಹೋಗುವವರಿಗೆ ಮಾತ್ರ. ಮದುವೆಯಾಗಿ ಹೋಗುವವಳಿಗೂ ಅದೇ, 'ನಾಳೆಯಿಂದ ಬರಬೇಡ' ಅನ್ನಿಸಿಕೊಂಡವಳಿಗೂ ಅದೇ. ಹೆಣ್ಣುಮಗಳನ್ನು ಬರಿಗೈಲಿ ಕಳಿಸಬಾರದೆಂದು ಹೊಲಿಯುವವರೇ ಸೇರಿ ಮಾಡಿಕೊಂಡ ಪದ್ಧತಿ. ಅದರ ಮೇಲೆ ಬೆಳಿಗ್ಗೆಯಿಂದ ಶೆಡ್ಡಿನ ಆ ಬದಿಯ ಮಿಷಿನ್‌ಗಳು ಲಾರಿ ಹತ್ತುತ್ತಿದ್ದವು. ಯಾಕೆಂದು ಕೇಳಿದರೆ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಗೌರಿಬಿದನೂರಿನ ಬಾಡಿಗೆ ಮನೆ, ಮಗಳ ಕಾಲೇಜು, ಎರಡೂ ಈ ಕೆಲಸವನ್ನೇ ನಂಬಿಕೊಂಡಿದ್ದವು.

ಪಕ್ಕದ ಮಿಷಿನಿನ ಗಂಗುಲಮ್ಮ ತನ್ನ ಮಡಿಲನ್ನೊಮ್ಮೆ ನೋಡಿದಳು, ಶೈಲಜಾಳ ಮಡಿಲನ್ನೊಮ್ಮೆ ನೋಡಿದಳು. "ಒಟ್ಟಿಗೇ ಎಲ್ಲಾರ್ನೂ ಸಾಗಹಾಕ್ತಾವ್ರೆ ಕಣೇ! ಪೋನೀವಮ್ಮ, ಬಿಡು. ಇವತ್ತಾದ್ರೂ ಸೊಂಟ ನೆಟ್ಟಗೆ ಮಾಡ್ಕೊಳ್ತೀನಿ." ಮಿಷಿನ್ ಆಫ್ ಮಾಡಿ, ಎದ್ದು ನಿಂತು, ಶೆಡ್ಡಿಗೆಲ್ಲ ಕೇಳುವಂತೆ ಆಕಳಿಸಿ ಮೈ ಮುರಿದಳು. ಯಾರೋ ಕಿಸಕ್ಕೆಂದರು. ಅಳುವುದಕ್ಕೆಂದೇ ಬಾಯಿ ತೆರೆದ ಶೈಲಜಾಳಿಗೂ ನಗು ಬಂದುಬಿಟ್ಟಿತು. ಹೋಗಿದ್ದು ಹೋಯಿತು, ಇನ್ನು ಯಾರ ಹಂಗು? ಎಷ್ಟೋ ವರ್ಷದ ಮೇಲೆ ಮೈಯೆಲ್ಲ ಹಗುರವಾದಂತಾಯಿತು.

"ಬನ್ರೇ, ಸಾರ್‌ಗೆ ಹೇಳೋದೆಲ್ಲ ಹೇಳಿಬಿಟ್ಟೇ ಹೋಗಣ!" ಎಂದಳು.

ಮಧುಸೂದನ್ ಕ್ಯಾಬಿನ್ನಿನಲ್ಲಿ ಗೋಡೆಗೆ ಮುಖ ಮಾಡಿ, ಫೋನ್ ನೋಡಿಕೊಂಡು ಸಂಜೆಯ ಭಾಷಣ ಉರು ಹೊಡೆಯುತ್ತಿದ್ದ. ತಿರುಗಿ ನೋಡಿದರೆ ರೂಮಿನ ತುಂಬ ಹೆಂಗಸರು.

"ಸಾರ್, ಬಾತ್‌ರೂಮಿಗೆ ಚಿಲಕ ಇಲ್ಲ," ಶೈಲಜಾ ಶುರು ಮಾಡಿದಳು. "ಒಬ್ರು ಒಳಗೆ ಹೋದ್ರೆ ಇನ್ನೊಬ್ರು ಹೊರಗೆ ಕಾವಲು. ಇಬ್ಬಿಬ್ರು ಎದ್ದು ಹೋದ್ರೆ ನಿಮ್ಮ ಟಾರ್ಗೆಟ್ ಎಲ್ಲಿಂದ ಮುಟ್ತದೆ?"

"ಆ ಹೊಸ ಕಾಲರ್ ಕತ್ತೇ ಇಲ್ಲದೋರಿಗೆ ಮಾಡ್ದಂಗೈತೆ," ಗಂಗುಲಮ್ಮ ಸೇರಿಸಿದಳು.

"ನಿಮ್ಮ ಭಾಷಣ ಅರ್ಧಕ್ಕರ್ಧ ಇಂಗ್ಲಿಷು ಸಾರ್. ನಾವು ಚಪ್ಪಾಳೆ ತಟ್ಟೋದು ಅರ್ಥ ಆಗಿ ಅಲ್ಲ, ಮುಗೀತಲ್ಲ ಅಂತ!" ಹಿಂದಿನಿಂದ ಇನ್ನೊಬ್ಬಳು ಕೂಗಿದಳು.

ನಗು ಕ್ಯಾಬಿನ್ನಿನ ಗಾಜನ್ನು ನಡುಗಿಸಿತು. ಮಧುಸೂದನ್ ಕೆಂಪಾದ. "ಸರಿ ಅಮ್ಮ, ಆದ್ರೆ ಇವತ್ತೇನು ಎಲ್ಲಾ ಒಟ್ಟಿಗೆ..."

"ಇನ್ಯಾವತ್ತು ಸಾರ್? ನೀವೇ ಮಡಿಲು ತುಂಬಿ ಮನೆಗೆ ಕಳಿಸ್ತಿದ್ದೀರಲ್ಲ!" ಎಂದಳು ಶೈಲಜಾ.

"ಮನೆಗಾ?" ಅವನ ಕೈಯಿಂದ ಫೋನ್ ಜಾರಿತು. "ಅಯ್ಯೋ, ಹೋದ ತಿಂಗಳು ಮದುವೆ ಗೊತ್ತಾಗಿದ್ದ ಒಬ್ಳು ಹುಡುಗಿಗೆ ನೀವೆಲ್ಲ ಹಿಂಗೇ ಕೊಟ್ಟು ನಕ್ಕೊಂಡು ಇದ್ರಿ. ಒಳ್ಳೆ ಸುದ್ದಿ ಇದ್ರೆ ಇಲ್ಲಿ ಹಿಂಗೆ ಮಾಡ್ತಾರೆ ಅನ್ಕೊಂಡೆ! ಪಕ್ಕದ ರಸ್ತೇಲಿ ಹೊಸ ಶೆಡ್ ರೆಡಿ ಆಗಿದೆ. ಸೋಮವಾರದಿಂದ ಎಲ್ರೂ ಅಲ್ಲಿಗೆ. ಒಬ್ಬರನ್ನೂ ತೆಗೆದಿಲ್ಲ ಕಣ್ರಮ್ಮ!"

ಕೆಲಸ ಉಳಿಯಿತೆಂಬ ಖುಷಿಗೆ ಶೈಲಜಾ ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದಳು. ಆಮೇಲೆ ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಗಂಗುಲಮ್ಮ ಮೆಲ್ಲಗೆ ಅವಳ ಬೆನ್ನ ಹಿಂದೆ ಸರಿದು ನಿಂತಳು.

"ತಪ್ಪಾಯ್ತು ಸಾರ್," ಎಂದಳು ಶೈಲಜಾ.

"ತಪ್ಪೇನಿಲ್ಲ. ಇನ್ನೇನೇನಿದೆ ಹೇಳಿ, ಹೊಸ ಶೆಡ್ಡಲ್ಲಿ ಸರಿ ಮಾಡ್ಸೋಣ."

"ಏನೂ ಇಲ್ಲ ಸಾರ್. ಎಲ್ಲಾ ಚೆನ್ನಾಗಿದೆ."

ಹಿಂದಿದ್ದವರೂ ನೆಲ ನೋಡುತ್ತ ಹೌದೆಂದು ತಲೆಯಾಡಿಸಿದರು. ಮಧುಸೂದನ್ ಆ ಬಗ್ಗಿದ ತಲೆಗಳನ್ನೇ ಒಂದು ಗಳಿಗೆ ನೋಡಿದ. ಬಿದ್ದಿದ್ದ ಫೋನನ್ನು ಎತ್ತಿ ಜೇಬಿಗೆ ಹಾಕಿಕೊಂಡ.

"ಸರಿ ಹಂಗಾದ್ರೆ," ಎಂದ. "ಸಂಜೆವರೆಗೂ ನಿಮ್ಮನ್ನೆಲ್ಲ ಕೆಲಸದಿಂದ ತೆಗೆದಿದ್ದೀನಿ. ಈಗ ಹೇಳಿ."

ಯಾರೋ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡರು. ಶೈಲಜಾ ಮುಂದೆ ಬಂದು ಅವನ ಕುರ್ಚಿಯನ್ನು ಅವನ ಕಡೆಗೇ ಎಳೆದಳು.

"ಕೂತ್ಕೊಳ್ಳಿ ಸಾರ್. ಇದು ನಿಂತ್ಕೊಂಡು ಕೇಳಿದ್ರೆ ಮುಗಿಯೋದಲ್ಲ."